ಲಡಿ ಮಾಡಿ ಕೊಡಿ: ಗಿಟ್‌ನಲ್ಲಿ ಕೋಡ್ ಅಚ್ಚುಕಟ್ಟು ಮಾಡಿ ಹಂಚುವ ಬಗೆ

ಶಿಡ್ಲಘಟ್ಟದ ಹುಡುಗಿಯೊಬ್ಬಳು ನನ್ನ ಫೋನಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದಳು. ಅದರಲ್ಲಿ ಗಿಟ್ ಕಮಿಟುಗಳ 27 ಸಾಲು. ‘ಫೈನಲ್’, ‘ಫೈನಲ್ 2’, ‘ಈಗ ಸರಿ’, ‘ಈಗ ನಿಜವಾಗ್ಲೂ ಸರಿ’, ‘ಚೇಂಜಸ್’, ‘ಎಎಎ’, ಆಮೇಲೆ ಮತ್ತೆ ‘ಫೈನಲ್’. ಕೆಳಗೆ ಒಂದು ಪ್ರಶ್ನೆ: “ಅಣ್ಣಾ, ಇದರಲ್ಲಿ ತೂಕದ ಲೆಕ್ಕ ಕೆಡಿಸಿರೋದು ಯಾವುದು ಅಂತ ಹುಡುಕೋದು ಹೇಗೆ?”

ಎಂಜಿನಿಯರಿಂಗ್ ಕೊನೆಯ ವರ್ಷದ ನಾಲ್ವರು ಸೇರಿ ಮಾಡುತ್ತಿದ್ದ ಪ್ರಾಜೆಕ್ಟ್ ಅದು. ರೇಷ್ಮೆ ಗೂಡು ಕೊಳ್ಳುವ ರೀಲರುಗಳು ದಿನದ ಲೆಕ್ಕ ಬರೆದಿಡಲು ಒಂದು ಪುಟ್ಟ ಆ್ಯಪ್: ಯಾವ ಲಾಟು, ಎಷ್ಟು ತೂಕ, ಹರಾಜಿನಲ್ಲಿ ಕಿಲೋಗೆ ಎಷ್ಟಾಯಿತು, ಮೊತ್ತ ಎಷ್ಟು. ಇವಳದು ಶಿಡ್ಲಘಟ್ಟ, ಮನೆಯವರದು ನೂಲು ಬಿಚ್ಚುವ ಕೆಲಸ. ಒಬ್ಬ ಚಿಂತಾಮಣಿಯವನು, ಇನ್ನೊಬ್ಬಳು ಚಿಕ್ಕಬಳ್ಳಾಪುರದವಳು, ಮತ್ತೊಬ್ಬ ಗೌರಿಬಿದನೂರಿನವನು. ಮೊದಲ ಮೂರು ಊರು ಕೋಲಾರಕ್ಕೆ ಹೋಗುವ ಒಂದೇ ರೈಲು ದಾರಿಯ ಮೇಲಿವೆ. ಗೌರಿಬಿದನೂರು ಹಿಂದೂಪುರದ ದಾರಿಯಲ್ಲಿದೆ. ರಜೆ ಬಂತೆಂದರೆ ನಾಲ್ವರೂ ಒಂದು ಕಡೆ ಕೂರುವುದು ಆಗದ ಮಾತು. ಅವರ ಕೆಲಸ ಒಟ್ಟು ಸೇರುತ್ತಿದ್ದ ಜಾಗ ಗಿಟ್‌ಹಬ್ ಒಂದೇ.

ತಪ್ಪನ್ನು ಮೊದಲು ಹಿಡಿದದ್ದು ಅವಳ ಅಪ್ಪ. 48.350 ಕಿಲೋ ಗೂಡು, ಕಿಲೋಗೆ 512 ರೂಪಾಯಿ. ಮೊತ್ತ 24,755 ರೂಪಾಯಿ 20 ಪೈಸೆ ಬರಬೇಕು. ಆ್ಯಪ್ 24,576 ತೋರಿಸುತ್ತಿತ್ತು. ಪಾಯಿಂಟ್ ಆಚೆಗಿನ 350 ಗ್ರಾಂ ಎಲ್ಲೋ ಬಿದ್ದುಹೋಗಿತ್ತು. ಒಂದು ಲಾಟಿಗೆ 179 ರೂಪಾಯಿ ವ್ಯತ್ಯಾಸವಾದರೆ ಯಾವ ರೀಲರ್ ಇದನ್ನು ನಂಬಿ ಇಟ್ಟುಕೊಳ್ಳುತ್ತಾನೆ? ಹಿಂದಿನ ವಾರ ಲೆಕ್ಕ ಸರಿಯಾಗಿಯೇ ಇತ್ತು. ಹಾಗಾದರೆ ಈ 27ರಲ್ಲಿ ಒಂದು ಬದಲಾವಣೆ ಅದನ್ನು ಕೆಡಿಸಿದೆ. ಯಾವುದು ಎಂದು ಹೇಳಬೇಕಾದ ಸಾಲುಗಳೆಲ್ಲ ‘ಫೈನಲ್’ ಎನ್ನುತ್ತಿದ್ದವು.

ಆ ಭಾನುವಾರ ಅವಳ ಜೊತೆ ಕೂತು ಮಾಡಿದ ಕೆಲಸವನ್ನೇ ಇಲ್ಲಿ ವಿವರಿಸುತ್ತೇನೆ. ಕಮಾಂಡುಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಇಲ್ಲಿ ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಹೈಫನ್‌ಗಳನ್ನು ಮಾತ್ರ ಇದ್ದಲ್ಲೇ ಇಟ್ಟಿದ್ದೇನೆ.

ಕೋಡಿನ ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳುವ ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ತಂಡ ಅಲ್ಲಿಯವರೆಗೆ ಬಿಟ್‌ಕೀಪರ್ ಎಂಬ ಸಾಧನ ಬಳಸುತ್ತಿತ್ತು. ಅದರ ಉಚಿತ ಬಳಕೆಯ ಅನುಮತಿ ಹೋದಾಗ ಲಿನಸ್ ಟೊರ್ವಾಲ್ಡ್ಸ್ ತಾವೇ ಒಂದನ್ನು ಬರೆಯಲು ಕೂತರು. ಅದೇ ವರ್ಷದ ಜುಲೈಯಿಂದ ಅದನ್ನು ನೋಡಿಕೊಳ್ಳುತ್ತಿರುವವರು ಜುನಿಯೊ ಹಮಾನೊ. ಪ್ರಪಂಚದ ಮೂಲೆಮೂಲೆಯಲ್ಲಿ ಕೂತ, ಒಬ್ಬರ ಮುಖ ಒಬ್ಬರು ನೋಡಿರದ ಸಾವಿರಾರು ಜನ ಒಂದೇ ಕೋಡಿನ ಮೇಲೆ ಕೆಲಸ ಮಾಡಲೆಂದು ಕಟ್ಟಿದ ಸಾಧನ ಇದು. ಅದಕ್ಕೇ ಇಲ್ಲಿ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲೂ ಇಡೀ ಇತಿಹಾಸದ ಪೂರ್ತಿ ಪ್ರತಿ ಇರುತ್ತದೆ. ಚಿಂತಾಮಣಿಯಲ್ಲಿ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕಮಿಟ್ ಮಾಡುವುದು, ಹಳೆಯದನ್ನು ನೋಡುವುದು, ತಿದ್ದುವುದು ಎಲ್ಲವೂ ನಿಮ್ಮ ಯಂತ್ರದೊಳಗೇ ನಡೆಯುತ್ತದೆ. ಪುಶ್ ಮಾಡಿದಾಗ ಮಾತ್ರ ಹೊರಗೆ ಹೋಗುತ್ತದೆ. ತಿದ್ದಿ ಅಚ್ಚುಕಟ್ಟು ಮಾಡುವ ಅವಕಾಶ ಇರುವುದು ಈ ಎರಡರ ನಡುವೆ.

ಒಂದು ಕಮಿಟ್ ಎಂದರೆ ಆ ಕ್ಷಣಕ್ಕೆ ನಿಮ್ಮ ಫೈಲುಗಳೆಲ್ಲ ಹೇಗಿದ್ದವೋ ಅದರ ಚಿತ್ರ. ಜೊತೆಗೆ ಯಾರು, ಯಾವಾಗ, ಏಕೆ ಎಂಬ ಮಾತು, ಇದರ ಹಿಂದಿನ ಕಮಿಟ್ ಯಾವುದು ಎಂಬ ಗುರುತು. ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕಿ ಗಿಟ್ ಅದಕ್ಕೊಂದು 40 ಅಕ್ಷರದ ಹೆಸರು ಕೊಡುತ್ತದೆ. ಹಿಂದಿನದರ ಗುರುತು ಹೆಸರಿನೊಳಗೇ ಸೇರಿಹೋಗಿರುವುದರಿಂದ, ನಡುವೆ ಒಂದು ಕಮಿಟ್ ತಿದ್ದಿದರೆ ಅದರ ಹೆಸರೂ ಬದಲಾಗುತ್ತದೆ, ಅದರ ನಂತರ ಬಂದ ಅಷ್ಟೂ ಕಮಿಟುಗಳ ಹೆಸರೂ ಬದಲಾಗುತ್ತವೆ. ಈ ಒಂದು ಸಂಗತಿ ತಲೆಗೆ ಹೋದರೆ ಹಳೆಯ ಕಮಿಟುಗಳನ್ನು ತಿದ್ದುವ ರೀಬೇಸ್ ಬಗ್ಗೆ ಇರುವ ಅರ್ಧ ಭಯ ಹೋಗುತ್ತದೆ. ಉಳಿದರ್ಧ ಇರಲಿ, ಬೇಕು. ಅದರ ಕಾರಣ ಮುಂದೆ ಬರುತ್ತದೆ.

ಮೊದಲು ತಪ್ಪು ಹುಡುಕಬೇಕಿತ್ತು. ‘ಗಿಟ್ ಬೈಸೆಕ್ಟ್ ಸ್ಟಾರ್ಟ್’ ಎಂದೆವು. ಈಗಿನದು ಕೆಟ್ಟಿದೆ ಎಂದು ‘ಗಿಟ್ ಬೈಸೆಕ್ಟ್ ಬ್ಯಾಡ್’, ಹಿಂದಿನ ವಾರದ್ದು ಸರಿ ಇತ್ತು ಎಂದು ಆ ಕಮಿಟಿನ ಹೆಸರು ಕೊಟ್ಟು ‘ಗಿಟ್ ಬೈಸೆಕ್ಟ್ ಗುಡ್’. ಗಿಟ್ ನಟ್ಟನಡುವಿನ ಕಮಿಟಿಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಆ್ಯಪ್ ಓಡಿಸಿ 48.350 ಹಾಕಿ ನೋಡುವುದು, ಸರಿಯೋ ಕೆಟ್ಟದ್ದೋ ಹೇಳುವುದು. ಪ್ರತಿ ಸಲವೂ ಅರ್ಧ ಕಳೆಯುತ್ತಾ ಹೋಗುವುದರಿಂದ 27 ಕಮಿಟಿಗೆ ಐದು ಸಲ ನೋಡಿದರೆ ಸಾಕು. ಐದನೆಯದಕ್ಕೆ ಸಿಕ್ಕಿತು: ‘ಚೇಂಜಸ್’ ಎಂಬ ಹೆಸರಿನದು. ‘ಗಿಟ್ ಬೈಸೆಕ್ಟ್ ರೀಸೆಟ್’ ಎಂದು ಮೊದಲಿನ ಜಾಗಕ್ಕೆ ಬಂದೆವು.

ಸಿಕ್ಕಿದ್ದನ್ನು ತೆರೆದರೆ ಅದರಲ್ಲಿ 14 ಫೈಲು ಬದಲಾಗಿದ್ದವು. ಎಡಿಟರ್ ತಾನಾಗಿಯೇ ಸಾಲುಗಳ ಮುಂದಿನ ಜಾಗ ಸರಿಪಡಿಸಿದ್ದು, ಬಟನ್‌ಗಳ ಹೆಸರು ಕನ್ನಡಕ್ಕೆ ತಂದದ್ದು, ಪರೀಕ್ಷೆಗೆಂದು ಹಾಕಿ ತೆಗೆಯಲು ಮರೆತ ಪ್ರಿಂಟ್ ಸಾಲುಗಳು, ಇಷ್ಟರ ಮಧ್ಯೆ ಒಂದೇ ಒಂದು ಸಾಲು: ತೂಕವನ್ನು ಓದುವ ಕಡೆ ‘ಪಾರ್ಸ್‌ಫ್ಲೋಟ್’ ಇದ್ದದ್ದು ‘ಪಾರ್ಸ್‌ಇಂಟ್’ ಆಗಿತ್ತು. ಜಾವಾಸ್ಕ್ರಿಪ್ಟ್‌ನಲ್ಲಿ ಪಾರ್ಸ್‌ಇಂಟ್ ಪಾಯಿಂಟ್ ಕಂಡ ಕೂಡಲೇ ಓದುವುದನ್ನು ನಿಲ್ಲಿಸಿಬಿಡುತ್ತದೆ. 48.350 ಕೊಟ್ಟರೆ 48 ಕೈಗೆ ಬರುತ್ತದೆ. ಈ ಸಾಲು ಕಣ್ಣಿಗೆ ಬೀಳಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಅದು ಒಂಟಿಯಾಗಿ ಒಂದು ಕಮಿಟಿನಲ್ಲಿದ್ದರೆ ಒಂದು ನಿಮಿಷದ ಕೆಲಸ.

ಹೀಗೆ ರಾಶಿ ಹಾಕದೇ ಇರಲು ಗಿಟ್‌ನಲ್ಲಿ ಒಂದು ನಡುವಿನ ಜಾಗ ಇದೆ. ಅದನ್ನು ಸ್ಟೇಜ್ ಎನ್ನುತ್ತಾರೆ. ನೀವು ಫೈಲಿನಲ್ಲಿ ಬದಲಿಸಿದ್ದು ನೇರ ಕಮಿಟಿಗೆ ಹೋಗುವುದಿಲ್ಲ. ‘ಗಿಟ್ ಆ್ಯಡ್’ ಎಂದು ಆರಿಸಿ ಸ್ಟೇಜ್‌ನಲ್ಲಿಟ್ಟದ್ದು ಮಾತ್ರ ಹೋಗುತ್ತದೆ. ಆದರೆ ನಮ್ಮ ಮಕ್ಕಳು ಮೊದಲ ದಿನ ಕಲಿಯುವುದೇ ‘ಗಿಟ್ ಆ್ಯಡ್ ಡಾಟ್’, ಇದ್ದದ್ದನ್ನೆಲ್ಲ ಬಾಚಿ ಹಾಕುವುದು. ಅದರ ಬದಲು ‘ಗಿಟ್ ಆ್ಯಡ್ -ಪಿ’ ಕಲಿತರೆ ಕೆಲಸದ ರೀತಿಯೇ ಬದಲಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅದು ಬದಲಾವಣೆಗಳನ್ನು ತುಂಡುತುಂಡಾಗಿ ಎದುರಿಗಿಟ್ಟು ಒಂದೊಂದಕ್ಕೂ ಕೇಳುತ್ತದೆ: ಇದು ಬೇಕೇ? ‘ವೈ’ ಒತ್ತಿದರೆ ಬೇಕು, ‘ಎನ್’ ಒತ್ತಿದರೆ ಬೇಡ, ತುಂಡು ದೊಡ್ಡದಾಯಿತು ಎನಿಸಿದರೆ ‘ಎಸ್’ ಒತ್ತಿ ಇನ್ನೂ ಚಿಕ್ಕದು ಮಾಡಿಸಿಕೊಳ್ಳಬಹುದು. ಕನ್ನಡ ಬಟನ್‌ಗಳ ತುಂಡಿಗಷ್ಟೇ ವೈ ಎಂದು ಒಂದು ಕಮಿಟ್, ಆಮೇಲೆ ಲೆಕ್ಕದ ತುಂಡಿಗೆ ವೈ ಎಂದು ಇನ್ನೊಂದು. ಹೀಗೆ ಒಂದೊಂದೇ ನೋಡುತ್ತಾ ಹೋದಾಗ ಪ್ರಿಂಟ್ ಸಾಲು ತಾನೇ ಸಿಕ್ಕಿಬೀಳುತ್ತದೆ. ಆ ಪಾರ್ಸ್‌ಇಂಟ್ ಕೂಡ ಅವತ್ತೇ ಸಿಕ್ಕಿಬೀಳುತ್ತಿತ್ತು. ಸ್ಟೇಜ್‌ನಲ್ಲಿ ಏನಿದೆ ಎಂದು ಕಮಿಟಿಗೆ ಮೊದಲು ನೋಡಲು ‘ಗಿಟ್ ಡಿಫ್ --ಸ್ಟೇಜ್ಡ್’. ತಪ್ಪಿ ಹಾಕಿದ್ದನ್ನು ಹೊರತೆಗೆಯಲು ‘ಗಿಟ್ ರಿಸ್ಟೋರ್ --ಸ್ಟೇಜ್ಡ್’ ಮತ್ತು ಫೈಲಿನ ಹೆಸರು. ರಿಸ್ಟೋರ್, ಸ್ವಿಚ್ ಎರಡೂ 2019ರಲ್ಲಿ ಬಂದ ಕಮಾಂಡುಗಳು. ಅದಕ್ಕೆ ಮೊದಲು ಬ್ರಾಂಚ್ ಬದಲಿಸಲೂ ಫೈಲಿನ ಬದಲಾವಣೆ ಬಿಡಲೂ ‘ಚೆಕ್‌ಔಟ್’ ಒಂದನ್ನೇ ಬಳಸಿ ಎಡವುತ್ತಿದ್ದೆವು. ಹೊಸದಾಗಿ ಕಲಿಯುವವರು ಹೊಸವನ್ನೇ ಕಲಿಯಿರಿ.

ಕಮಿಟಿಗೆ ಬರೆಯುವ ಮಾತಿನ ಬಗ್ಗೆ ಎರಡು ಮಾತು. ಮೊದಲ ಸಾಲು ಚಿಕ್ಕದಿರಲಿ, ಏನು ಮಾಡಿದಿರೋ ಅದನ್ನು ಹೇಳಲಿ. ಆಮೇಲೆ ಒಂದು ಖಾಲಿ ಸಾಲು. ಆಮೇಲೆ ಏಕೆ ಮಾಡಿದಿರಿ ಎಂದು ಬೇಕಾದಷ್ಟು ಬರೆಯಿರಿ. ಏನು ಬದಲಾಯಿತು ಎಂಬುದನ್ನು ಡಿಫ್ ತೋರಿಸುತ್ತದೆ. ಏಕೆ ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ, ಬರೆಯದಿದ್ದರೆ ಆರು ತಿಂಗಳಲ್ಲಿ ಅಲ್ಲಿಂದಲೂ ಹೋಗುತ್ತದೆ. ಕನ್ನಡದಲ್ಲಿ ಬರೆದರೆ ಗಿಟ್‌ಗೆ ಯಾವ ತೊಂದರೆಯೂ ಇಲ್ಲ. ತಂಡದ ನಾಲ್ವರಿಗೂ ಕನ್ನಡವೇ ಸಲೀಸಾದರೆ ಹಾಗೇ ಬರೆಯಿರಿ. ಅರ್ಧಂಬರ್ಧ ಇಂಗ್ಲಿಷಿನ ‘ಫಿಕ್ಸ್ಡ್ ಇಶ್ಯೂ’ಗಿಂತ ‘ತೂಕದ ಪಾಯಿಂಟ್ ಉಳಿಸಿಕೊಂಡೆ’ ಎಂಬುದು ಎಷ್ಟೋ ಮೇಲು.

ಇನ್ನು ಆಗಿಹೋದ 27ನ್ನು ಏನು ಮಾಡುವುದು?

ಕೊನೆಯ ಕಮಿಟ್ ಒಂದನ್ನೇ ತಿದ್ದಬೇಕಿದ್ದರೆ ‘ಗಿಟ್ ಕಮಿಟ್ --ಅಮೆಂಡ್’ ಸಾಕು. ಬಿಟ್ಟುಹೋದ ಫೈಲು ಸೇರಿಸಬಹುದು, ಮಾತು ಬದಲಿಸಬಹುದು. ಹಿಂದಿನವನ್ನೂ ತಿದ್ದಬೇಕಾದರೆ ‘ಗಿಟ್ ರೀಬೇಸ್ -ಐ ಮೇನ್’. ಮೇನ್ ಎಂಬುದು ತಂಡದ ಮುಖ್ಯ ಬ್ರಾಂಚಿನ ಹೆಸರು. ಅಲ್ಲಿಂದ ಕವಲೊಡೆದ ಮೇಲೆ ನೀವು ಮಾಡಿದ ಕಮಿಟುಗಳೆಲ್ಲ ಒಂದು ಪಟ್ಟಿಯಾಗಿ ಎಡಿಟರ್‌ನಲ್ಲಿ ತೆರೆದುಕೊಳ್ಳುತ್ತವೆ. ಕೆಲವರ ಯಂತ್ರದಲ್ಲಿ ಇಲ್ಲಿ ವಿಮ್ ತೆರೆಯುತ್ತದೆ, ಅದರಿಂದ ಹೊರಬರಲು ಗೊತ್ತಾಗದೆ ಮಕ್ಕಳು ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಎಡಿಟರ್ ನ್ಯಾನೋ’ ಎಂದು ಮೊದಲೇ ಸುಲಭದ ಎಡಿಟರ್ ಹಾಕಿಕೊಳ್ಳಿ.

ಪಟ್ಟಿಯಲ್ಲಿ ಹಳೆಯದು ಮೇಲಿರುತ್ತದೆ, ಹೊಸದು ಕೆಳಗೆ. ‘ಗಿಟ್ ಲಾಗ್’ನಲ್ಲಿ ಕಾಣುವ ಕ್ರಮಕ್ಕೆ ಇದು ತಿರುಗುಮುರುಗು, ಬಹಳ ಜನ ಎಡವುವುದು ಇಲ್ಲೇ. ಪ್ರತಿ ಸಾಲಿನ ಮುಂದೆ ‘ಪಿಕ್’ ಎಂದಿರುತ್ತದೆ, ಇದ್ದಂತೆಯೇ ಇರಲಿ ಎಂದರ್ಥ. ಅದನ್ನು ‘ರೀವರ್ಡ್’ ಎಂದರೆ ಮಾತು ಬದಲಿಸಲು ಕೇಳುತ್ತದೆ. ‘ಸ್ಕ್ವಾಶ್’ ಎಂದರೆ ಮೇಲಿನ ಕಮಿಟಿನೊಳಗೆ ಬೆರೆಸಿ ಎರಡರ ಮಾತನ್ನೂ ಸೇರಿಸುತ್ತದೆ, ‘ಫಿಕ್ಸ್‌ಅಪ್’ ಬೆರೆಸುತ್ತದೆ ಆದರೆ ಇದರ ಮಾತನ್ನು ಬಿಟ್ಟುಬಿಡುತ್ತದೆ. ‘ಡ್ರಾಪ್’ ಎಂದರೆ ಆ ಕಮಿಟ್ ಬೇಡವೇ ಬೇಡ. ಸಾಲುಗಳನ್ನು ಮೇಲೆ ಕೆಳಗೆ ಮಾಡಿದರೆ ಕಮಿಟುಗಳ ಕ್ರಮವೂ ಹಾಗೇ ಬದಲಾಗುತ್ತದೆ. ‘ಈಗ ಸರಿ’, ‘ಈಗ ನಿಜವಾಗ್ಲೂ ಸರಿ’ ಎರಡೂ ಅದರ ಮೇಲಿನದರ ತಿದ್ದುಪಡಿಗಳು, ಫಿಕ್ಸ್‌ಅಪ್. ‘ಎಎಎ’ಯಲ್ಲಿ ಏನೂ ಉಪಯೋಗದ್ದು ಇರಲಿಲ್ಲ, ಡ್ರಾಪ್.

ಆ ‘ಚೇಂಜಸ್’ಗೆ ಮಾತ್ರ ‘ಎಡಿಟ್’ ಎಂದು ಬರೆದೆವು. ಗಿಟ್ ಅಲ್ಲಿಗೆ ಬಂದು ನಿಂತಾಗ ‘ಗಿಟ್ ರೀಸೆಟ್ ಹೆಡ್~1’ ಎಂದರೆ ಆ ಕಮಿಟ್ ಬಿಚ್ಚಿಕೊಳ್ಳುತ್ತದೆ, ಬದಲಾವಣೆಗಳು ಫೈಲುಗಳಲ್ಲಿ ಹಾಗೇ ಇರುತ್ತವೆ. ಅದನ್ನು ‘ಗಿಟ್ ಆ್ಯಡ್ -ಪಿ’ಯಿಂದ ಮೂರು ಕಮಿಟಾಗಿ ಒಡೆದು, ಪಾರ್ಸ್‌ಇಂಟ್ ಸಾಲನ್ನು ಮೊದಲಿನಂತೆ ಮಾಡಿ, ‘ಗಿಟ್ ರೀಬೇಸ್ --ಕಂಟಿನ್ಯೂ’ ಎಂದೆವು.

ಅವಳು ಇದೆಲ್ಲ ನೋಡಿ, “ಇದು ನಮ್ಮ ಮನೇಲಿ ಮಾಡೋ ರೀ-ರೀಲಿಂಗ್ ಥರಾನೇ ಅಲ್ವಾ ಅಣ್ಣಾ” ಎಂದಳು. ಬೇಸಿನ್‌ನಲ್ಲಿ ಬೇಯಿಸಿದ ಗೂಡುಗಳಿಂದ ಎಳೆ ಎಳೆದು ಮೊದಲು ಚಿಕ್ಕ ರೀಲಿಗೆ ಸುತ್ತುತ್ತಾರೆ. ಅದನ್ನು ಹಾಗೇ ಮಾರುವುದಿಲ್ಲ. ದೊಡ್ಡ ರೀಲಿಗೆ ಇನ್ನೊಮ್ಮೆ ಸುತ್ತಿ ಲಡಿ ಮಾಡುತ್ತಾರೆ. ಹಾಗೆ ಸುತ್ತುವಾಗ ಸೊರಗಿದ ಎಳೆ ಅಲ್ಲೇ ಕಡಿಯುತ್ತದೆ. ರೀಲು ನಿಲ್ಲಿಸಿ, ಗಂಟು ಹಾಕಿ, ಮುಂದುವರಿಸುತ್ತಾರೆ. ನೂಲು ಅದೇ, ಕೊಳ್ಳುವವರಿಗೆ ಬಿಚ್ಚಲು ಬರುವಂತೆ ಇರುತ್ತದೆ. ಇಷ್ಟು ವರ್ಷ ರೀಬೇಸ್ ಹೇಳಿಕೊಟ್ಟಿದ್ದೇನೆ, ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಹೊಳೆದಿರಲಿಲ್ಲ. ರೀಬೇಸ್ ಕೂಡ ಎರಡು ಬದಲಾವಣೆ ಒಂದೇ ಸಾಲನ್ನು ಮುಟ್ಟಿದಲ್ಲಿ ನಿಲ್ಲುತ್ತದೆ. ಫೈಲಿನೊಳಗೆ ಏಳೇಳು ಬಾಣದ ಗುರುತು ಹಾಕಿ ಈ ಪಾಠ, ಆ ಪಾಠ ಎಂದು ಎರಡನ್ನೂ ತೋರಿಸುತ್ತದೆ. ಸರಿಯಾದದ್ದನ್ನು ಉಳಿಸಿ, ಗುರುತು ಅಳಿಸಿ, ‘ಗಿಟ್ ಆ್ಯಡ್’ ಎಂದು, ‘--ಕಂಟಿನ್ಯೂ’ ಎಂದರೆ ಮುಂದೆ ಹೋಗುತ್ತದೆ. ಕೈ ಮೀರಿತು ಎನಿಸಿದರೆ ‘ಗಿಟ್ ರೀಬೇಸ್ --ಅಬಾರ್ಟ್’, ಎಲ್ಲವೂ ಶುರುವಿನಲ್ಲಿದ್ದ ಹಾಗೆ.

ಆ ಹೊತ್ತಿಗೆ ಮೇನ್‌ಗೆ ಬೇರೆಯವರ ಕೆಲಸ ಸೇರಿತ್ತು. ‘ಗಿಟ್ ಫೆಚ್’ ಎಂದು ಅದನ್ನು ತರಿಸಿಕೊಂಡು, ‘ಗಿಟ್ ರೀಬೇಸ್ ಆರಿಜಿನ್/ಮೇನ್’ ಎಂದರೆ ನಿಮ್ಮ ಕಮಿಟುಗಳು ಅವರ ಹೊಸ ಕೆಲಸದ ಮೇಲೆ ಒಂದೊಂದಾಗಿ ಕೂರುತ್ತವೆ. ಇಲ್ಲಿ ಘರ್ಷಣೆ ಬಂದರೆ ಒಂದು ಎಚ್ಚರ. ರೀಬೇಸ್ ನಡೆಯುವಾಗ ‘ಅವರ್ಸ್’ ಎಂದರೆ ನಿಮ್ಮದಲ್ಲ, ಕೆಳಗಿರುವ ಮೇನ್‌ನದು. ‘ದೇರ್ಸ್’ ಎಂಬುದೇ ನಿಮ್ಮದು. ಮರ್ಜ್ ಮಾಡುವಾಗಿನದಕ್ಕೆ ಪೂರ್ತಿ ಉಲ್ಟಾ. ಯಾವುದು ಉಳಿಯಬೇಕೆಂದು ಅನುಮಾನ ಬಂದರೆ ಆ ಸಾಲು ಬರೆದವರಿಗೆ ಫೋನ್ ಮಾಡಿ. ನಮಗೆ ಮೊತ್ತದ ಸಾಲಿನಲ್ಲಿ ಅನುಮಾನ ಬಂತು, ಚಿಕ್ಕಬಳ್ಳಾಪುರದ ಗೆಳತಿಗೆ ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಮುಗಿಯಿತು.

ಈಗ ಉಳಿಸಿಕೊಳ್ಳಬೇಕಾದ ಭಯದ ಮಾತು. ರೀಬೇಸ್ ಮಾಡಿದ ಮೇಲೆ ಕಮಿಟುಗಳ ಹೆಸರು ಬದಲಾಗಿರುತ್ತವೆ. ಹಳೆಯ ಹೆಸರಿನವು ಆಗಲೇ ಬೇರೆಯವರ ಯಂತ್ರಕ್ಕೆ ಹೋಗಿದ್ದರೆ ಅವರ ಇತಿಹಾಸವೂ ನಿಮ್ಮ ಇತಿಹಾಸವೂ ಬೇರೆಬೇರೆ ಆಗುತ್ತವೆ. ಆಗ ಪುಶ್ ಮಾಡಹೋದರೆ ಗಿಟ್‌ಹಬ್ ಒಪ್ಪುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ‘--ಫೋರ್ಸ್’ ಹಾಕಿ ಎನ್ನುವ ಉತ್ತರ ಸಿಗುತ್ತದೆ. ಚಿಂತಾಮಣಿಯ ಹುಡುಗ ಒಂದು ತಿಂಗಳ ಹಿಂದೆ ಅದನ್ನೇ ಮಾಡಿದ್ದ, ಅದೂ ಮೇನ್ ಮೇಲೆ. ಇನ್ನಿಬ್ಬರ ಎರಡು ದಿನದ ಕೆಲಸ ಗಿಟ್‌ಹಬ್‌ನಿಂದ ಮಾಯವಾಯಿತು. ಅವನಿಗೆ ಅಳುವೇ ಬಂದಿತ್ತಂತೆ. ಪುಣ್ಯಕ್ಕೆ ಗೌರಿಬಿದನೂರಿನವನು ಅದಕ್ಕೆ ಮೊದಲೇ ಎಲ್ಲವನ್ನೂ ತರಿಸಿಕೊಂಡಿದ್ದ, ಅವನ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಮೇನ್ ಪೂರ್ತಿ ಇತ್ತು. ಅಲ್ಲಿಂದ ಮತ್ತೆ ಕಳಿಸಿದರು. ಪ್ರತಿಯೊಬ್ಬರ ಬಳಿಯೂ ಇಡೀ ಇತಿಹಾಸ ಇರುತ್ತದೆ ಎಂದೆನಲ್ಲ, ಅದು ಕೈಹಿಡಿದದ್ದು ಹೀಗೆ.

ಆದ್ದರಿಂದ ತಂಡದಲ್ಲಿ ಒಂದು ಗೆರೆ ಹಾಕಿಕೊಳ್ಳಿ. ನಿಮ್ಮೊಬ್ಬರದೇ ಬ್ರಾಂಚನ್ನು ಎಷ್ಟು ಬೇಕಾದರೂ ತಿದ್ದಿ. ಮೇನ್‌ನಂಥ ಎಲ್ಲರ ಬ್ರಾಂಚಿಗೆ ಹೋದದ್ದನ್ನು ಯಾವ ಕಾರಣಕ್ಕೂ ಬದಲಿಸಬೇಡಿ. ಅಲ್ಲಿ ತಪ್ಪು ಹೋಗಿದ್ದರೆ ‘ಗಿಟ್ ರಿವರ್ಟ್’ ಬಳಸಿ. ಅದು ಹಳೆಯದನ್ನು ಮುಟ್ಟದೆ, ಅದನ್ನು ರದ್ದು ಮಾಡುವ ಹೊಸ ಕಮಿಟ್ ಒಂದನ್ನು ಸೇರಿಸುತ್ತದೆ. ಸ್ವಂತ ಬ್ರಾಂಚಿಗೂ ಬರಿಯ ಫೋರ್ಸ್ ಬೇಡ, ‘ಗಿಟ್ ಪುಶ್ --ಫೋರ್ಸ್-ವಿತ್-ಲೀಸ್’ ಅಭ್ಯಾಸ ಮಾಡಿಕೊಳ್ಳಿ. ನೀವು ಕೊನೆಯ ಸಲ ನೋಡಿದ ಮೇಲೆ ಅಲ್ಲಿಗೆ ಬೇರೆ ಯಾರಾದರೂ ಏನಾದರೂ ಸೇರಿಸಿದ್ದರೆ ಅದು ತಳ್ಳದೆ ನಿಲ್ಲುತ್ತದೆ. ಕೆಲವು ಎಡಿಟರ್‌ಗಳು ಹಿಂದೆ ಹಿಂದೆಯೇ ತಾವಾಗಿ ಫೆಚ್ ಮಾಡುತ್ತಿರುತ್ತವೆ. ಆಗ ನೀವು ನೋಡದೇ ಇದ್ದದ್ದನ್ನೂ ನೋಡಿದ್ದೀರಿ ಎಂದು ಗಿಟ್ ಲೆಕ್ಕ ಹಿಡಿಯುತ್ತದೆ, ಈ ರಕ್ಷಣೆ ಸಿಗುವುದಿಲ್ಲ. ಆ ಸೌಲಭ್ಯವನ್ನು ಆಫ್ ಮಾಡಿಡಿ.

ನಿಮ್ಮ ಯಂತ್ರದಲ್ಲೇ ಏನಾದರೂ ಕಳೆದುಹೋಯಿತು ಎನಿಸಿದರೆ ‘ಗಿಟ್ ರೆಫ್‌ಲಾಗ್’ ನೋಡಿ. ನೀವು ಎಲ್ಲೆಲ್ಲಿ ನಿಂತಿದ್ದಿರಿ ಎಂಬುದರ ದಿನಚರಿ ಅದು. ಯಾವ ಬ್ರಾಂಚಿನಿಂದಲೂ ಕೈಗೆಟುಕದ ಕಮಿಟುಗಳ ದಾಖಲೆಯನ್ನೂ ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಂಡಿರುತ್ತದೆ. ಹೆಸರು ಸಿಕ್ಕಿದರೆ ಅಲ್ಲಿಂದ ಹೊಸ ಬ್ರಾಂಚ್ ತೆಗೆದು ಉಳಿಸಿಕೊಳ್ಳಬಹುದು. ಆದರೆ ಕಮಿಟ್ ಮಾಡದೇ ಹೋದದ್ದು ರೆಫ್‌ಲಾಗ್‌ಗೂ ಗೊತ್ತಿಲ್ಲ. ಅದಕ್ಕೇ ಕೆಲಸ ಮಾಡುವಾಗ ಸಣ್ಣ ಸಣ್ಣದಕ್ಕೂ ಕಮಿಟ್ ಮಾಡುತ್ತಿರಿ, ‘ಎಎಎ’ ಎಂದಾದರೂ ಸರಿ. ಕಳಿಸುವಾಗ ಲಡಿ ಮಾಡಿದರಾಯಿತು.

ಪಟ್ಟಿಯಲ್ಲಿ ಒಂದು ಕಮಿಟ್ ನೋಡಿ ಮಾತ್ರ ನನಗೆ ಎದೆ ಝಲ್ಲೆಂದಿತು. ಆ್ಯಪ್ ಪರೀಕ್ಷಿಸಲೆಂದು ಅವಳು ಅಪ್ಪನ ಪುಸ್ತಕದಿಂದ ಹತ್ತಾರು ರೈತರ ನಿಜವಾದ ಹೆಸರು, ಫೋನ್ ನಂಬರು ತೆಗೆದು ಒಂದು ಫೈಲಿಗೆ ಹಾಕಿದ್ದಳು. ಮುಂದಿನ ಕಮಿಟಿನಲ್ಲಿ ಆ ಫೈಲನ್ನು ಅಳಿಸಿದ್ದಳು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಮುಗಿದಿರಲಿಲ್ಲ. ಇಂದಿನ ಫೋಲ್ಡರಿನಲ್ಲಿ ಇಲ್ಲದ್ದು ನಿನ್ನೆಯ ಕಮಿಟಿನಲ್ಲಿ ಇದ್ದೇ ಇರುತ್ತದೆ, ರೆಪೊ ಎಲ್ಲರಿಗೂ ಕಾಣುವಂಥದ್ದಾದರೆ ಯಾರು ಬೇಕಾದರೂ ತೆಗೆದು ನೋಡಬಹುದು. ಅವಳೊಬ್ಬಳದೇ ಬ್ರಾಂಚಿನ ಆ 27ರಲ್ಲಿ ಮೊದಲ 20 ಆಗಲೇ ಗಿಟ್‌ಹಬ್‌ಗೆ ಹೋಗಿದ್ದವು. ಇದು ಕೊನೆಯ ಏಳರಲ್ಲಿತ್ತು, ಇನ್ನೂ ಅವಳ ಯಂತ್ರ ಬಿಟ್ಟು ಹೊರಟಿರಲಿಲ್ಲ. ಹಾಕಿದ್ದು, ಅಳಿಸಿದ್ದು ಎರಡಕ್ಕೂ ‘ಡ್ರಾಪ್’ ಎಂದೆವು. ಹೊರಗೆ ಹೋಗಿಬಿಟ್ಟಿದ್ದರೆ ‘ಗಿಟ್ ಫಿಲ್ಟರ್-ರೆಪೊ’ ಎಂಬ ಬೇರೆ ಸಾಧನದಿಂದ ಇಡೀ ಇತಿಹಾಸ ತೊಳೆಯಬೇಕಾಗುತ್ತಿತ್ತು. ಅಷ್ಟು ಮಾಡಿದರೂ ಅಷ್ಟರಲ್ಲಿ ನಕಲು ಮಾಡಿಕೊಂಡವರ ಬಳಿ ಅದು ಉಳಿಯುತ್ತದೆ. ಪಾಸ್‌ವರ್ಡ್ ಆದರೆ ಬದಲಿಸಬಹುದು, ಬದಲಿಸಲೇಬೇಕು. ನಂಬಿ ಕೊಟ್ಟ ರೈತನ ಫೋನ್ ನಂಬರನ್ನು ಹಾಗೆ ಬದಲಿಸಲು ಆಗುತ್ತದೆಯೇ? ಪರೀಕ್ಷೆಗೆ ಸುಳ್ಳು ಹೆಸರು, ಸುಳ್ಳು ನಂಬರು ಹಾಕಿ. ನಿಜವಾದ ಮಾಹಿತಿ ಇರುವ ಫೈಲಿನ ಹೆಸರನ್ನು ‘.ಗಿಟ್‌ಇಗ್ನೋರ್’ ಫೈಲಿನಲ್ಲಿ ಮೊದಲ ದಿನವೇ ಬರೆದಿಡಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬರುವ ಕೆಲವು ತೊಡಕುಗಳನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಹೇಳಿರುವುದು ನನಗೆ ಕಾಣಸಿಕ್ಕಿದ್ದು ಕಡಿಮೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಫೈಲಿಗೆ ಕನ್ನಡದಲ್ಲಿ ‘ಗೂಡು’ ಎಂದು ಹೆಸರಿಟ್ಟರೆ ‘ಗಿಟ್ ಸ್ಟೇಟಸ್’ನಲ್ಲಿ ಅದು \340\262\227 ಎಂದು ಶುರುವಾಗುವ ಅಂಕಿಗಳ ಸಾಲಾಗಿ ಕಾಣುತ್ತದೆ. ಫೈಲು ಕೆಟ್ಟಿದೆ ಎಂದು ಹೆದರಬೇಡಿ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು, ಗಿಟ್ ಅವನ್ನು ಎಂಟರ ಲೆಕ್ಕದ ಅಂಕಿಯಲ್ಲಿ ತೋರಿಸುತ್ತಿದೆ. ಮೇಲಿನ ಮೂರು ಅಂಕಿ ಸೇರಿದರೆ ‘ಗ’. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಎಂದು ಒಮ್ಮೆ ಹೇಳಿದರೆ ಅಲ್ಲಿಂದಾಚೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಎರಡನೆಯದು ಹೆಚ್ಚು ಕಾಡುವಂಥದ್ದು. ಡಿಫ್‌ನಲ್ಲಿ ಕೆಂಪು ಸಾಲಿನಲ್ಲೂ ‘ಮೊತ್ತ’, ಹಸಿರು ಸಾಲಿನಲ್ಲೂ ‘ಮೊತ್ತ’. ಏನು ಬದಲಾಯಿತು? ‘ಮೊ’ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ ಇವೆ. ಮ-ಕಾರಕ್ಕೆ ಒ-ಕಾರದ ಒಂದೇ ಚಿಹ್ನೆ ಹಾಕಬಹುದು, ಅಥವಾ ಎ-ಕಾರದ ಚಿಹ್ನೆ ಮತ್ತು ಊ-ಕಾರದ ಚಿಹ್ನೆ ಎರಡನ್ನು ಸೇರಿಸಬಹುದು. ಕಣ್ಣಿಗೆ ಎರಡೂ ಒಂದೇ, ಗಿಟ್‌ಗೆ ಬೇರೆ ಬೇರೆ. ಹಾಗೆಯೇ ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತು ಬೀಳದಂತೆ ನಡುವೆ ಹಾಕುವ ಕಾಣದ ಅಕ್ಷರವೊಂದಿದೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಎಲ್ಲ ಪಠ್ಯವನ್ನೂ ಒಂದೇ ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಪೈಥಾನ್‌ನ ‘ಯೂನಿಕೋಡ್‌ಡೇಟಾ’ದಲ್ಲಿ ಅದಕ್ಕೆ ಸಿದ್ಧ ಸೌಲಭ್ಯ ಇದೆ. ಅದನ್ನು ಒಮ್ಮೆ ಓಡಿಸಿ ಆ ಬದಲಾವಣೆಯನ್ನು ಬೇರೆಯೇ ಒಂದು ಕಮಿಟಾಗಿ ಇಡಿ, ಬೇರೆ ತಿದ್ದುಪಡಿಗಳ ಜೊತೆ ಬೆರೆಸಬೇಡಿ. ಕಾಣದ ಅಕ್ಷರದ ವಿಷಯದಲ್ಲಿ ಮಾತ್ರ ತಂಡ ಕೂತು ಒಂದು ನಿಯಮ ಮಾಡಿಕೊಳ್ಳಬೇಕು, ನಾರ್ಮಲೈಸೇಶನ್ ಅದನ್ನು ಮುಟ್ಟುವುದಿಲ್ಲ.

ಉದ್ದನೆಯ ಕನ್ನಡ ವಾಕ್ಯದಲ್ಲಿ ಒಂದು ಪದ ಬದಲಾದರೂ ಡಿಫ್ ಇಡೀ ಸಾಲನ್ನೇ ತೋರಿಸುತ್ತದೆ. ‘ಗಿಟ್ ಡಿಫ್ --ವರ್ಡ್-ಡಿಫ್’ ಎಂದರೆ ಬದಲಾದ ಪದವಷ್ಟೇ ಎದ್ದು ಕಾಣುತ್ತದೆ. ಅನುವಾದ, ಪಠ್ಯ ತಿದ್ದುವವರಿಗೆ ಇದು ವರ.

ಈ ಅಚ್ಚುಕಟ್ಟು ಪುಟ್ಟ ಪ್ರಾಜೆಕ್ಟಿಗಷ್ಟೇ ಬೇಕಾದದ್ದಲ್ಲ. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಂತು. 1.5 ಲಕ್ಷಕ್ಕೂ ಹೆಚ್ಚು ಕನ್ನಡ ಪದ, 2.4 ಲಕ್ಷದಷ್ಟು ಅರ್ಥ. ಅದರ ದತ್ತಾಂಶ ಗಿಟ್‌ಹಬ್‌ನಲ್ಲೇ ಇದೆ. ಅಂಥ ಫೈಲಿಗೆ ಒಬ್ಬರು ಒಂದು ಪದದ ತಪ್ಪು ತಿದ್ದಿ ಕಳಿಸುತ್ತಾರೆ ಎಂದುಕೊಳ್ಳಿ. ಅವರ ಎಡಿಟರ್ ಜೊತೆಗೆ ಸಾವಿರಾರು ಸಾಲುಗಳ ಕೊನೆಯ ಗುರುತನ್ನು ವಿಂಡೋಸ್ ರೀತಿಗೆ ಬದಲಿಸಿಬಿಟ್ಟಿದ್ದರೆ, ನೋಡುವವರು ಆ ಒಂದು ಪದವನ್ನು ಎಲ್ಲಿ ಹುಡುಕಬೇಕು? ಒಂದು ಪದ ತಿದ್ದಿದರೆ ಒಂದೇ ಸಾಲು ಬದಲಾಗಿರಬೇಕು. ಸಾಲಿನ ಕೊನೆಯ ಈ ಕಾಟ ತಪ್ಪಿಸಲು ‘.ಗಿಟ್‌ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ಎಲ್ಲ ಪಠ್ಯಕ್ಕೂ ಒಂದೇ ರೀತಿ ಎಂದು ಬರೆದಿಡಬಹುದು.

ಹಂಚುವ ಸಾಮಾನ್ಯ ದಾರಿ ಪುಲ್ ರಿಕ್ವೆಸ್ಟ್. ಬ್ರಾಂಚನ್ನು ಪುಶ್ ಮಾಡಿ, ಇದನ್ನು ಮೇನ್‌ಗೆ ಸೇರಿಸಿಕೊಳ್ಳಿ ಎಂದು ಗಿಟ್‌ಹಬ್‌ನಲ್ಲಿ ಕೇಳುವುದು. ಚಿಕ್ಕದಿದ್ದರೆ ಓದುತ್ತಾರೆ, ದೊಡ್ಡದಿದ್ದರೆ ಓದದೆ ‘ಚೆನ್ನಾಗಿದೆ’ ಎಂದು ಒಪ್ಪಿಬಿಡುತ್ತಾರೆ. ಲಿನಕ್ಸ್ ಕರ್ನಲ್‌ನವರು ಇವತ್ತಿಗೂ ‘ಗಿಟ್ ಫಾರ್ಮ್ಯಾಟ್-ಪ್ಯಾಚ್’ನಿಂದ ಒಂದೊಂದು ಕಮಿಟನ್ನೂ ಒಂದೊಂದು ಇಮೇಲ್ ಮಾಡಿ ಕಳಿಸುತ್ತಾರೆ. ನೆಟ್ಟೇ ಇಲ್ಲದಿದ್ದರೆ ‘ಗಿಟ್ ಬಂಡಲ್’ ಇದೆ, ಇತಿಹಾಸವನ್ನು ಒಂದು ಫೈಲಾಗಿ ಕಟ್ಟುತ್ತದೆ, ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದು. ಚಿಂತಾಮಣಿಯ ಹುಡುಗ ರೈಲಿನಲ್ಲಿ ಬಂದು ಶಿಡ್ಲಘಟ್ಟ ನಿಲ್ದಾಣದಲ್ಲಿ ಅದನ್ನು ಕೈಗಿತ್ತು ಅದೇ ರೈಲಿನಲ್ಲಿ ಮುಂದೆ ಹೋಗಬಹುದು. ಇವಳು ಆ ಫೈಲಿನಿಂದಲೇ ‘ಗಿಟ್ ಫೆಚ್’ ಮಾಡಿಕೊಳ್ಳಬಹುದು.

ಸಂಜೆ ಹೊತ್ತಿಗೆ 27 ಇದ್ದದ್ದು ಆರಾಯಿತು. ಕನ್ನಡ ಬಟನ್‌ಗಳದು ಒಂದು, ಸಾಲುಗಳ ಜಾಗ ಸರಿಪಡಿಸಿದ್ದು ಒಂದು, ದಿನದ ಒಟ್ಟು ಲೆಕ್ಕದ್ದು ಒಂದು, ಹುಡುಕುವ ಪುಟ ಒಂದು, ಸುಳ್ಳು ಹೆಸರುಗಳ ಪರೀಕ್ಷಾ ಫೈಲು ಒಂದು. ಆರನೆಯದು ಹೊಸದು, 48.350 ಮತ್ತು 512 ಹಾಕಿ 24,755.20 ಬರುತ್ತದೆಯೇ ಎಂದು ಪ್ರತಿ ಸಲವೂ ತಾನಾಗಿ ನೋಡುವ ಪರೀಕ್ಷೆ. ಅದರ ಮಾತನ್ನು ಅವಳು ನನ್ನನ್ನು ಕೇಳದೆ ತಾನೇ ಬರೆದಳು. ಮೊದಲ ಸಾಲು: ‘ತೂಕದ ಗ್ರಾಂ ಬಿಟ್ಟುಹೋಗದಂತೆ ಪರೀಕ್ಷೆ ಸೇರಿಸಿದೆ’. ಒಂದು ಖಾಲಿ ಸಾಲು. ಆಮೇಲೆ: ‘350 ಗ್ರಾಂ ಬಿಟ್ಟುಹೋಗಿ ಮೊತ್ತ 179.20 ಕಡಿಮೆ ಬರುತ್ತಿತ್ತು. ಅಪ್ಪ ಕೈಲೆಕ್ಕ ಹಾಕಿ ತೋರಿಸಿದರು.’ ‘ಗಿಟ್ ಪುಶ್ --ಫೋರ್ಸ್-ವಿತ್-ಲೀಸ್’ ಎಂದು ಎಂಟರ್ ಒತ್ತಿ, ಗೌರಿಬಿದನೂರಿನವನಿಗೆ ನೋಡಲು ಹೇಳಿ ಫೋನ್ ಮಾಡಿದಳು.